ತಟ್ಟೆ ಅಂಚಿನ ಬೀನ್ಸ್: ಪ್ರೈಮರಿ ಮಕ್ಕಳಿಗೆ ಊಟ, ಆಟ ಎರಡೂ ಕಲಿಸೋದು ಹೇಗೆ?

ಸೀಮೆಸುಣ್ಣ (ಪ್ರಶ್ನೆ ಹಾಕಿದವರು)

ನಾನು ಶಿರಾ ಕಡೆಯ ಒಂದು ಹಳ್ಳಿಯಲ್ಲಿ ಕಿರಿಯ ಪ್ರಾಥಮಿಕ ಶಾಲೆ ಟೀಚರ್. ಒಂದರಿಂದ ಐದನೇ ಕ್ಲಾಸ್, ಒಟ್ಟು 34 ಮಕ್ಕಳು, ನಾವು ಇಬ್ಬರೇ ಟೀಚರ್‌ಗಳು.

ಕಳೆದ ಬುಧವಾರ ಬೆಳಗ್ಗೆ ಮೂರನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು, "ತರಕಾರಿಯಲ್ಲಿ ಜೀವಸತ್ವಗಳು ಇರುತ್ತವೆ, ಅವು ರೋಗ ಬರದಂತೆ ಕಾಪಾಡುತ್ತವೆ" ಅಂತ ಒಂದೇ ಉಸಿರಿಗೆ ಹೇಳಿದ. ಎಲ್ಲರ ಕೈಲಿ ಚಪ್ಪಾಳೆ ಹೊಡೆಸಿದೆ. ಮಧ್ಯಾಹ್ನ ಬಿಸಿಯೂಟದಲ್ಲಿ ಅದೇ ಹುಡುಗ ಸಾಂಬಾರಿನ ಬೀನ್ಸ್ ಒಂದೊಂದೇ ಹೆಕ್ಕಿ ತಟ್ಟೆ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ. ಎಣಿಸಿದೆ, ಹನ್ನೊಂದು. ಕೈ ತೊಳೆಯಲು ಹೋಗುವಾಗ ಅಷ್ಟನ್ನೂ ನಾಯಿಗೆ ಹಾಕಿದ. ನಾಯಿನೂ ತಿನ್ನಲಿಲ್ಲ.

ಗೇಟಿನ ಎದುರಿಗೇ ಅಂಗಡಿ. ಪ್ರಾರ್ಥನೆ ಹೊತ್ತಿಗೇ ಜೇಬಿನಲ್ಲಿ ಐದು ರೂಪಾಯಿ ಪ್ಯಾಕೆಟ್ ಪರಪರ ಅನ್ನುತ್ತಿರುತ್ತೆ. ಆಟದ ಪೀರಿಯಡ್‌ನಲ್ಲಿ ಐದಾರು ಹುಡುಗರು ಬಾಲ್ ಹಿಂದೆ ಓಡುತ್ತಾರೆ, ಉಳಿದವರೆಲ್ಲ ಹೊಂಗೆ ಮರದ ಕೆಳಗೆ.

ಪಾಠ ಬಾಯಿಗೆ ಬಂದಿದೆ, ಹೊಟ್ಟೆಗೆ ಇಳಿಯುತ್ತಿಲ್ಲ. ಚಾರ್ಟ್, ಹಾಡು, ಚಿತ್ರ ಎಲ್ಲ ಆಯ್ತು. ದಯವಿಟ್ಟು ಭಾಷಣ ಬೇಡ, ನೀವು ಮಾಡಿ ನೋಡಿದ್ದು ಇದ್ದರೆ ಹೇಳಿ.

ಇಬ್ಬರ ಅಮ್ಮ

ನಾಯಿನೂ ತಿನ್ನಲಿಲ್ಲ 😂 ನಮ್ಮನೆಯಲ್ಲೂ ಇದೇ ಕಥೆ. ದೊಡ್ಡವನಿಗೆ ಏಳು ವರ್ಷ. ಮೂರು ಹೊತ್ತೂ ಮೊಸರನ್ನ ಕೊಟ್ಟರೆ ಸಾಕು, ಜನ್ಮ ಸಾರ್ಥಕ. ಉತ್ತರ ಸಿಕ್ಕರೆ ನನಗೂ ಬೇಕು.

ಹಳೇ ಬೆಂಚು

ನಾನು ರಿಟೈರ್ ಆದ ಮೇಷ್ಟ್ರು. ಮೊದಲು ಪಾಠ ನಿಲ್ಲಿಸಿ. ಶಾಲೆ ಹಿಂದೆ ನಾಲ್ಕು ಮಡಿ ಮಾಡಿ ಹರಿವೆ ಸೊಪ್ಪಿನ ಬೀಜ ಚೆಲ್ಲಿ. ಇಪ್ಪತ್ತೈದು, ಮೂವತ್ತು ದಿನಕ್ಕೆ ಕೀಳಬಹುದು. ಅದಕ್ಕಿಂತ ಜಾಸ್ತಿ ದಿನ ಕಾಯೋ ಬೆಳೆ ಹಾಕಬೇಡಿ, ಮಕ್ಕಳಿಗೆ ಅಷ್ಟು ತಾಳ್ಮೆ ಇರಲ್ಲ. ಬೇಲಿಗೆ ಬಸಳೆ ಹಬ್ಬಿಸಿ, ಮೂಲೆಯಲ್ಲಿ ಒಂದು ನುಗ್ಗೆ ಕೊಂಬೆ ನೆಡಿ.

ನಮ್ಮ ಶಾಲೆಯಲ್ಲಿ ಒಂದೊಂದು ಮಡಿಗೆ ನಾಲ್ಕು ಮಕ್ಕಳ ಹೆಸರು ಬರೆದಿದ್ದೆ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಭಾನುವಾರ ಅಜ್ಜಿಯನ್ನು ಕರೆದುಕೊಂಡು ಬಂದು ಬೀಗ ಹಾಕಿದ ಗೇಟಿನಾಚೆಯಿಂದಲೇ, "ಅದು ನಂದು, ಆ ಕೆಂಪು ಸೊಪ್ಪು" ಅಂತ ತೋರಿಸಿದ್ದಳಂತೆ. ಸೋಮವಾರ ಅಜ್ಜಿಯೇ ಬಂದು ಹೇಳಿದರು. ಆ ಸೊಪ್ಪು ಸಾರಿಗೆ ಬಿದ್ದ ದಿನ ಯಾರೂ ಹೆಕ್ಕಿ ಎಸೆಯಲಿಲ್ಲ.

ಜೋಳದ ರೊಟ್ಟಿ

ಹಿರಿಯರ ಮಾತು ಕೇಳೋಕೆ ಚಂದ ಐತಿ. ಆದರೆ ನಾನು ಕೊಪ್ಪಳ ಜಿಲ್ಲೆಯವನು. ಮಾರ್ಚ್ ಬಂದರೆ ಕುಡಿಯೋಕೇ ನೀರಿಲ್ಲ, ಇನ್ನು ಹರಿವೆಗೆ ಎಲ್ಲಿಂದ ತರೋದ್ರೀ?

ನಮ್ಮ ಕಡೆ ಬದಲಾವಣೆ ತಂದದ್ದು ಬಿಸಿಯೂಟದ ಮೊಟ್ಟೆ. 2021ರ ಡಿಸೆಂಬರ್‌ನಲ್ಲಿ ಮೊದಲು ನಮ್ಮ ಭಾಗದ ಜಿಲ್ಲೆಗಳಲ್ಲಿ ಶುರುವಾಯ್ತು, ಆಮೇಲೆ ಇಡೀ ರಾಜ್ಯಕ್ಕೆ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಸೇರಿ ವಾರಕ್ಕೆ ಆರು ದಿನ ಆಯ್ತು. ಮೊಟ್ಟೆ ಸುಲಿಯೋಕೆ ಮಕ್ಕಳ ನಡುವೆ ಪೈಪೋಟಿ ನೋಡಬೇಕು ನೀವು. ಸಿಪ್ಪೆ ಒಂದೇ ತುಂಡಾಗಿ ತೆಗೆದವನೇ ಅವತ್ತಿನ ಹೀರೋ. ಬೀನ್ಸ್ ಬಗ್ಗೆ ಆಮೇಲೆ ಯೋಚಿಸೋಣ.

ಕುಚ್ಚಲಕ್ಕಿ

ಮೊಟ್ಟೆ ತಿನ್ನದ ಮನೆಯ ಮಕ್ಕಳೂ ಇರುತ್ತಾರಲ್ಲ? ಅವರಿಗೆ ಬಾಳೆಹಣ್ಣು ಕೊಡುತ್ತಾರೆ, ಅದೇ ಸಾಕು.

ಜೋಳದ ರೊಟ್ಟಿ

ಬಾಳೆಹಣ್ಣು ಒಳ್ಳೆಯದೇ. ಆದರೆ ಎರಡೂ ಒಂದೇ ಅಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಒಂದು ಬಾಳೆಹಣ್ಣಲ್ಲಿ ಒಂದು ಗ್ರಾಂ ಆಚೆ ಈಚೆ. ತಿನ್ನದವರಿಗೆ ಶೇಂಗಾ ಕೊಡಿ ಅಂದರೆ ಒಪ್ಪುತ್ತೇನೆ. ತಿನ್ನುವವರ ತಟ್ಟೆಯಿಂದ ತೆಗೀರಿ ಅಂದರೆ ಒಪ್ಪಲ್ಲ.

ಕುಚ್ಚಲಕ್ಕಿ

ತೆಗೀರಿ ಅಂತ ನಾನೆಲ್ಲಿ ಅಂದೆ ಮಾರಾಯ್ರೆ? ನೀವೇ ಹೇಳಿ ನೀವೇ ಜಗಳ ಆಡಿದರೆ ನಾನೇನು ಮಾಡಲಿ. ಶೇಂಗಾಕ್ಕೆ ನನ್ನದೂ ವೋಟು.

ನಿರ್ವಾಹಕರು

ಮೊಟ್ಟೆ ಜಗಳಕ್ಕೆ ಆಗಲೇ 140 ಉತ್ತರ ಇರುವ ಇನ್ನೊಂದು ಚರ್ಚೆ ಇದೆ. ಅಲ್ಲಿಗೆ ಹೋಗಿ. ಇಲ್ಲಿ ಬೀನ್ಸ್.

ಡಬ್ಬಿ ಅಪ್ಪ

ಬೆಂಗಳೂರಿನಿಂದ. ಟೀಚರ್, ಒಂದು ಕೆಲಸ ಮಾತ್ರ ಮಾಡಬೇಡಿ. ಡಬ್ಬಿ ತಪಾಸಣೆ.

ನನ್ನ ಮಗಳು ಖಾಸಗಿ ಶಾಲೆಯಲ್ಲಿ ಒಂದನೇ ಕ್ಲಾಸಲ್ಲಿದ್ದಳು. ವಾರದ ಪಟ್ಟಿ ಕಳಿಸುತ್ತಿದ್ದರು. ಸೋಮವಾರ ಚಪಾತಿ, ಮಂಗಳವಾರ ಮೊಳಕೆ ಕಾಳು, ಬುಧವಾರ ಹಣ್ಣು, ಹೀಗೆ. ನಾವಿಬ್ಬರೂ ಏಳು ಗಂಟೆಗೆ ಮನೆ ಬಿಡೋರು. ಒಂದು ದಿನ ಹೆಸರುಕಾಳು ನೆನೆಸೋದು ಮರೆತು ಬ್ರೆಡ್ ಜಾಮ್ ಹಾಕಿ ಕಳಿಸಿದೆ. ಟೀಚರ್ ಡಬ್ಬಿ ಎತ್ತಿ ಹಿಡಿದು, "ನೋಡಿ ಮಕ್ಕಳೇ, ಇದು ಜಂಕ್" ಅಂದರಂತೆ. ಸಂಜೆ ಮಗಳು ಏನೂ ಹೇಳಲಿಲ್ಲ. ಮಾರನೇ ದಿನದಿಂದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್. ಹತ್ತು ದಿನ ಆದಮೇಲೆ ಗೊತ್ತಾಯ್ತು, ಮುಚ್ಚಳ ತೆಗೆಯೋಕೇ ಹೆದರುತ್ತಿದ್ದಳು. ಅವತ್ತು ಇದ್ದದ್ದು ಚಪಾತಿ, ಪಲ್ಯ!

ಒಂದನೇ ಕ್ಲಾಸಿನ ಮಗು ಸಂತೆಗೆ ಹೋಗಲ್ಲ, ಒಲೆ ಹಚ್ಚಲ್ಲ. ಬೈಯೋದಿದ್ದರೆ ನನಗೆ ಬೈಯಿರಿ.

ಸೀಮೆಸುಣ್ಣ

ಡಬ್ಬಿ ಅಪ್ಪ ಅವರೇ, ಓದಿ ಮುಖ ಸಣ್ಣದಾಯ್ತು. ನಾನೂ ಹೋದ ವಾರ, "ಇವತ್ತು ಯಾರ್ಯಾರು ಪ್ಯಾಕೆಟ್ ತಿಂದಿದ್ದೀರಿ, ಕೈ ಎತ್ತಿ" ಅಂದಿದ್ದೆ. ಒಂಬತ್ತು ಕೈ ಎದ್ದವು. ಮಾರನೇ ದಿನ ಒಂದೂ ಇಲ್ಲ. ಗೆದ್ದೆ ಅಂದುಕೊಂಡಿದ್ದೆ. ಪ್ಯಾಕೆಟ್‌ಗಳು ಶೌಚಾಲಯದ ಹಿಂದೆ ಬಿದ್ದಿದ್ದವು.

ಸೂಜಿಮದ್ದು

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಆ ಒಂಬತ್ತು ಮಕ್ಕಳಲ್ಲಿ ಬೆಳಗ್ಗೆ ತಿಂಡಿ ತಿಂದು ಬಂದವರು ಎಷ್ಟು ಜನ? ಅದನ್ನು ಕೇಳಿ. ಗುಂಪಲ್ಲಿ ಬೇಡ, ಒಬ್ಬೊಬ್ಬರನ್ನೇ.

ನಮ್ಮ ಕಡೆ ಅಮ್ಮ ಏಳಕ್ಕೇ ಕೂಲಿಗೆ ಅಥವಾ ಗಾರ್ಮೆಂಟ್ಸ್ ಬಸ್ಸಿಗೆ ಹೊರಡುತ್ತಾಳೆ. ಮಗುವಿಗೆ ಒಂದು ಲೋಟ ಟೀ, ಕೈಯಲ್ಲಿ ಐದೋ ಹತ್ತೋ ರೂಪಾಯಿ. ಆ ಪ್ಯಾಕೆಟ್ ಚಪಲ ಅಲ್ಲ, ಅದೇ ತಿಂಡಿ. ಇದು ಗೊತ್ತಿಲ್ಲದೆ "ಪ್ಯಾಕೆಟ್ ಕೆಟ್ಟದ್ದು" ಅಂದರೆ, ಮಗುವಿಗೆ ಕೇಳಿಸೋದು "ನಿಮ್ಮಮ್ಮ ಕೆಟ್ಟವಳು" ಅಂತ.

ಕ್ಷೀರಭಾಗ್ಯದ ಹಾಲು ಬೆಳಗ್ಗೆ ಪ್ರಾರ್ಥನೆ ಆದ ಕೂಡಲೇ ಕೊಡುತ್ತೀರಾ, ಹತ್ತೂವರೆ ದಾಟಿದ ಮೇಲಾ? ರಾಗಿ ಮಾಲ್ಟ್ ಇರುವ ದಿನ ಪ್ಯಾಕೆಟ್ ಕಮ್ಮಿ ಆಗುತ್ತಾ? ನೋಡಿ ಹೇಳಿ. ತಮಿಳುನಾಡಿನವರು 2022ರಲ್ಲಿ ಸರ್ಕಾರಿ ಪ್ರೈಮರಿ ಶಾಲೆಗಳಲ್ಲಿ ಬೆಳಗಿನ ತಿಂಡಿಯನ್ನೇ ಶುರು ಮಾಡಿದರು. ಸುಮ್ನೆ ಮಾಡಿದ್ದಲ್ಲ.

ಇನ್ನೆರಡು ಮಾತು. ಎಷ್ಟು ತಿಂದರೂ ಮೈ ಹತ್ತದ ಮಗುವಿಗೆ ಹೊಟ್ಟೆಹುಳು ಇರಬಹುದು. ಫೆಬ್ರವರಿ 10, ಆಗಸ್ಟ್ 10ರ ಜಂತುಹುಳು ಮಾತ್ರೆ ತಪ್ಪಿಸಬೇಡಿ. ಕಬ್ಬಿಣಾಂಶದ ಮಾತ್ರೆ ಕೊಟ್ಟ ದಿನ ಹಿಂದೆ ಮುಂದೆ ಟೀ ಬೇಡ ಅನ್ನಿ, ಟೀ ಕುಡಿದರೆ ಕಬ್ಬಿಣ ಮೈಗೆ ಸೇರೋದು ಕಮ್ಮಿ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಚೆನ್ನಾಗಿ ಸೇರುತ್ತೆ.

ಇಬ್ಬರ ಅಮ್ಮ

"ನಿಮ್ಮಮ್ಮ ಕೆಟ್ಟವಳು" ಅನ್ನೋ ಸಾಲು ಓದಿ ಸುಮ್ಮನಾದೆ.

ನಿದ್ದೆಗೆಟ್ಟವ

ಶಾಲೆಯಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿ ಮಾರಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2020ರಲ್ಲೇ ನಿಯಮ ಮಾಡಿದೆ. ಕಂಪ್ಲೇಂಟ್ ಕೊಡಿ. ಅಷ್ಟೇ.

ಸೀಮೆಸುಣ್ಣ

ಅಂಗಡಿ ನಮ್ಮ ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸದಸ್ಯರ ಅತ್ತಿಗೆಯದು. ಅವರ ಮಗ ನಾಲ್ಕನೇ ಕ್ಲಾಸಲ್ಲಿ ನನ್ನ ಮುಂದೆಯೇ ಕೂರುತ್ತಾನೆ. ನೀವು ಬಂದು ಕೊಡ್ತೀರಾ ಕಂಪ್ಲೇಂಟ್?

ನಿದ್ದೆಗೆಟ್ಟವ

😶 ವಾಪಸ್ ತಗೊಂಡೆ.

ಸಂತೆ ಹುಡುಗಿ

ಜಗಳ ಬೇಡ, ವ್ಯಾಪಾರ ಮಾತಾಡಿ. ನಮ್ಮೂರಲ್ಲಿ ಟೀಚರ್ ಅಂಗಡಿಯವರನ್ನೇ ಮೆಟ್ರಿಕ್ ಮೇಳಕ್ಕೆ ಮುಖ್ಯ ಅತಿಥಿ ಮಾಡಿ ಕರೆದರು. ಮಕ್ಕಳು ಅಳತೆ ಲೆಕ್ಕ ಕಲಿಯಲಿ ಅಂತ ಶಾಲೆಯಲ್ಲೇ ಸಂತೆ ಮಾಡ್ತೀವಲ್ಲ, ಅದೇ. ಮಕ್ಕಳು ಹುರಿಗಡಲೆ ಬೆಲ್ಲ, ಉಪ್ಪು ಖಾರ ಹಾಕಿದ ಸೌತೆಕಾಯಿ, ಬೇಯಿಸಿದ ಶೇಂಗಾ ಇಟ್ಟಿದ್ದರು. ಒಂದು ಗಂಟೆಯಲ್ಲಿ ಖಾಲಿ. ಅದನ್ನು ಕಣ್ಣಾರೆ ನೋಡಿದ ಅಂಗಡಿಯಮ್ಮ ಮರುವಾರದಿಂದ ಐದು ರೂಪಾಯಿಗೆ ಪೊಟ್ಟಣ ಕಟ್ಟಿ ಶೇಂಗಾ ಇಟ್ಟರು. ಪ್ಯಾಕೆಟ್ ಹೋಗಲಿಲ್ಲ, ಅದೂ ಇದೆ. ಆದರೆ ಪಕ್ಕದಲ್ಲಿ ಇನ್ನೊಂದು ಇದೆ.

ಡಬ್ಬಿ ಅಪ್ಪ

ಸಕ್ಕರೆ ವಿಷಯಕ್ಕೆ ಒಂದು. 2025ರಲ್ಲಿ ಸಿಬಿಎಸ್‌ಇ ಶಾಲೆಗಳಲ್ಲಿ, ಯಾವುದರಲ್ಲಿ ಎಷ್ಟು ಸಕ್ಕರೆ ಅಂತ ತೋರಿಸುವ ಸಕ್ಕರೆ ಬೋರ್ಡ್ ಹಾಕಿ ಅಂತ ಹೇಳಿದರಲ್ಲ, ಮಗಳ ಈಗಿನ ಶಾಲೆಯಲ್ಲಿ ಅದನ್ನು ಬೋರ್ಡಿಗೆ ಬಿಡದೆ ಮಾಡಿ ತೋರಿಸಿದರು. ಕಾಲು ಲೀಟರ್ ಕೂಲ್‌ಡ್ರಿಂಕ್ ಬಾಟಲಿ ಪಕ್ಕ ಖಾಲಿ ಲೋಟ. ಮಕ್ಕಳೇ ಚಮಚದಲ್ಲಿ ಸಕ್ಕರೆ ಹಾಕುತ್ತಾ ಎಣಿಸಬೇಕು. ಆರು ಚಮಚಕ್ಕೂ ಮುಗಿಯಲ್ಲ. ಎಲ್ಲರೂ "ಅಯ್ಯೋ" ಅಂತಿರುವಾಗ ಹಿಂದಿನ ಸಾಲಿನವನೊಬ್ಬ, "ಮಿಸ್, ಆಮೇಲೆ ಆ ಸಕ್ಕರೆ ನಮಗೆ ಕೊಡ್ತೀರಾ?" ಅಂದನಂತೆ.

ಕುಚ್ಚಲಕ್ಕಿ

ಅವನೇ ಸರಿ 😂

ಹಳೇ ಬೆಂಚು

ಹಾಲಿಗೆ ಹಾಕುವ ಪುಡಿಗಳ ಲೇಬಲ್ಲನ್ನೂ ಒಮ್ಮೆ ಓದಿ. 2024ರಲ್ಲಿ ಕೇಂದ್ರ ಸರ್ಕಾರ, ಇವುಗಳನ್ನು "ಹೆಲ್ತ್ ಡ್ರಿಂಕ್" ಅನ್ನೋ ಗುಂಪಿನಿಂದ ತೆಗೀರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಬೇಕಾಯ್ತು. ನಮ್ಮ ಕಾಲದಲ್ಲಿ ಅದನ್ನು ಕುಡಿಯೋರು ಶ್ರೀಮಂತರ ಮಕ್ಕಳು ಅಂತ ನಾವು ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದೆವು.

ಇಬ್ಬರ ಅಮ್ಮ

ಜಾತ್ರೆಯ ಬಾಂಬೆ ಮಿಠಾಯಿಗೂ ಅದೇ ವರ್ಷ ಅಲ್ವಾ ಬಣ್ಣ ಬ್ಯಾನ್ ಆಗಿದ್ದು? ಗೋಬಿಗೂ. ನನ್ನ ಮಗ ಬಿಳಿ ಬಾಂಬೆ ಮಿಠಾಯಿ ನೋಡಿ "ಇದು ಹತ್ತಿ" ಅಂತ ವಾಪಸ್ ಕೊಟ್ಟ. ಬಣ್ಣ ಇಲ್ಲದಿದ್ದರೆ ಅರ್ಧ ಆಸೆ ಹೋಗುತ್ತೆ ನೋಡಿ.

ಪೀಪಿ ಮೇಷ್ಟ್ರು

ಎಲ್ಲರೂ ಊಟದ ಹಿಂದೆ ಬಿದ್ದಿರಿ, ಆಟದ ಪ್ರಶ್ನೆ ಯಾರೂ ಮುಟ್ಟಲಿಲ್ಲ. ನಾನು ಹದಿನೆಂಟು ವರ್ಷದಿಂದ ದೈಹಿಕ ಶಿಕ್ಷಕ. ಪೀಪಿ ಊದಿ ಊದಿ ಗೊತ್ತಾಗಿದ್ದನ್ನು ಹೇಳುತ್ತೇನೆ.

ಮೊದಲನೆಯದು, ಆಟವನ್ನು ಶಿಕ್ಷೆ ಮಾಡಬೇಡಿ. ಹೋಂವರ್ಕ್ ಮಾಡದವನಿಗೆ ಮೈದಾನ ಐದು ಸುತ್ತು, ಗಲಾಟೆ ಮಾಡಿದವನಿಗೆ ಇಪ್ಪತ್ತು ಬಸ್ಕಿ. ಓಡೋದು ಅಂದರೆ ತಪ್ಪು ಮಾಡಿದವರು ಮಾಡೋದು ಅಂತ ನಾವೇ ಕಲಿಸುತ್ತೇವೆ. ಇನ್ನೊಂದು ಕಡೆ, ಲೆಕ್ಕದ ಪಾಠ ಮುಗಿದಿಲ್ಲ ಅಂತ ಆಟದ ಪೀರಿಯಡ್ಡನ್ನೇ ಕಿತ್ತುಕೊಳ್ಳುತ್ತೇವೆ.

ಇನ್ನು ಹೊಂಗೆ ಮರದ ಕೆಳಗಿನವರು. ಟೀಚರ್, 34 ಮಕ್ಕಳಿಗೆ ಒಂದು ಬಾಲ್ ಕೊಟ್ಟರೆ ಇಬ್ಬರು ಆಡುತ್ತಾರೆ, ನಾಲ್ವರು ಕಿರುಚುತ್ತಾರೆ, ಉಳಿದವರು ಪ್ರೇಕ್ಷಕರು. ಕಬಡ್ಡಿ, ಖೋಖೋ ನನ್ನ ಜೀವ. ಆದರೆ ಈ ವಯಸ್ಸಿನವರಿಗೆ ಅದರಲ್ಲಿ ಒಂದು ತೊಂದರೆ ಇದೆ. ಔಟ್ ಆದವನು ಕೂರಬೇಕು. ಮೊದಲು ಔಟ್ ಆಗೋದು ಯಾರು? ನಿಧಾನಕ್ಕೆ ಓಡೋನು. ಅಂದರೆ ಯಾರು ಜಾಸ್ತಿ ಓಡಬೇಕೋ ಅವನೇ ಜಾಸ್ತಿ ಹೊತ್ತು ಕೂತಿರುತ್ತಾನೆ. ನಾನು ಕೆರೆ-ದಡ ಆಡಿಸುವಾಗ ತಪ್ಪಿದವರನ್ನು ಹೊರಗೆ ಹಾಕಲ್ಲ. ಐದು ಸಲ ಕುಪ್ಪಳಿಸಿ ವಾಪಸ್ ಒಳಗೆ. ಮುಟ್ಟಾಟದಲ್ಲಿ ಸಿಕ್ಕವರು ಹಿಡಿಯುವವರ ಕೈ ಹಿಡಿದು ಸರಪಳಿ ಆಗುತ್ತಾರೆ. ಕೊನೆಗೆ ಇಪ್ಪತ್ತು ಜನರ ಸರಪಳಿ ಒಬ್ಬನ ಹಿಂದೆ ಓಡುವಾಗ ನಗುವಿಗೇ ಅರ್ಧ ವ್ಯಾಯಾಮ ಆಗಿರುತ್ತೆ.

ಹೆಣ್ಣುಮಕ್ಕಳು ಕೂರುತ್ತಾರೆ ಅಂದರೆ ಅವರ ಆಟ ಕೇಳಿ. ಕುಂಟೆಬಿಲ್ಲೆ ಸುಮ್ನೆ ಅಲ್ಲ. ಒಂಟಿ ಕಾಲಲ್ಲಿ ಎಂಟು ಮನೆ ಹಾರಿ, ಬಗ್ಗಿ ಬಿಲ್ಲೆ ಎತ್ತಿ ಬರೋಕೆ ನೀವೊಮ್ಮೆ ಪ್ರಯತ್ನಿಸಿ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಹೇಳೋದು 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಓಡಾಟ, ವಾರದಲ್ಲಿ ಮೂರು ದಿನವಾದರೂ ಮೂಳೆಗೆ ಬಲ ಬರುವಂಥದ್ದು. ಹಾರೋದು, ಕುಪ್ಪಳಿಸೋದು ಅದೇ. ಒಂದೇ ಸಲ ಅರವತ್ತು ಆಗಬೇಕಿಲ್ಲ. ಮಗ್ಗಿ ಹೇಳುತ್ತಾ ಹಗ್ಗ ಹಾರಿಸಿ, ಅದೂ ಲೆಕ್ಕಕ್ಕೆ ಬರುತ್ತೆ.

ಜೋಳದ ರೊಟ್ಟಿ

ಮಸ್ತ್ ಹೇಳಿದಿರಿ ಸರ್. ಚಿಣಿಪಣಿ ಬಿಟ್ಟಿರಲ್ಲ?

ಕುಚ್ಚಲಕ್ಕಿ

ಚಿಣಿಪಣಿ ಅಂದರೆ?

ಹಳೇ ಬೆಂಚು

ಚಿನ್ನಿದಾಂಡು.

ನಿದ್ದೆಗೆಟ್ಟವ

ಗಿಲ್ಲಿದಾಂಡು ಅನ್ನಿ.

ಸಂತೆ ಹುಡುಗಿ

ನಮ್ಮಲ್ಲಿ ಚಿನ್ನಿಕೋಲು. ನನ್ನ ಅಣ್ಣನ ಹುಬ್ಬಿನ ಮೇಲೆ ಇನ್ನೂ ಅದರ ಗುರುತಿದೆ. ಪ್ರೈಮರಿ ಮಕ್ಕಳ ಕೈಗೆ ಕೊಡಬೇಡಿ.

ಪೀಪಿ ಮೇಷ್ಟ್ರು

ಅದಕ್ಕೇ ಬಿಟ್ಟಿದ್ದು. ಕಣ್ಣಿಗೆ ಬಿದ್ದರೆ ಉತ್ತರ ಕೊಡಬೇಕಾದವನು ನಾನು. ಲಗೋರಿ ಆಡಿಸಿ, ಬಟ್ಟೆ ಚೆಂಡು ಸಾಕು.

ನಿದ್ದೆಗೆಟ್ಟವ

ಬಟ್ಟೆ ಚೆಂಡು ಒದ್ದೆ ಮಾಡಿ ಬೆನ್ನಿಗೆ ಬೀಸಿದವರೂ ಇಲ್ಲೇ ಎಲ್ಲೋ ಇರುತ್ತಾರೆ. ನನ್ನ ಬೆನ್ನು ಮರೆತಿಲ್ಲ.

ನಾಗೋಯಾ ಕನ್ನಡಿಗ

ನಾನು ಜಪಾನಿನಲ್ಲಿದ್ದೇನೆ, ಮಗ ಇಲ್ಲಿನ ಎರಡನೇ ಕ್ಲಾಸ್. ಇಲ್ಲಿ ಶಾಲೆ ಊಟವೂ ಪಾಠವೇ. 2005ರಲ್ಲಿ ಆಹಾರ ಶಿಕ್ಷಣಕ್ಕೆ ಕಾನೂನೇ ಮಾಡಿದರು, ಶೊಕುಇಕು ಅಂತಾರೆ. ಮಕ್ಕಳೇ ಬಿಳಿ ಏಪ್ರನ್, ಟೋಪಿ ಹಾಕಿಕೊಂಡು ಸರದಿ ಮೇಲೆ ಬಡಿಸುತ್ತಾರೆ. ಎಲ್ಲರಿಗೂ ಒಂದೇ ಊಟ, ಟೀಚರೂ ಕ್ಲಾಸಲ್ಲೇ ಕೂತು ಅದನ್ನೇ ತಿನ್ನುತ್ತಾರೆ. ಮನೆಯಲ್ಲಿ ಕುಂಬಳಕಾಯಿ ಮುಟ್ಟದ ನನ್ನ ಮಗ ಶಾಲೆಯಲ್ಲಿ ತಿನ್ನುತ್ತಾನೆ. ಯಾಕೋ ಅಂದರೆ, "ಇವತ್ತು ನಾನೇ ಬಡಿಸಿದ್ದು" ಅಂದ.

ಜೋಳದ ರೊಟ್ಟಿ

ಜಪಾನ್ ಬಿಡ್ರೀ. ಅಲ್ಲಿ ಬುಲೆಟ್ ರೈಲೂ ಇದೆ.

ನಾಗೋಯಾ ಕನ್ನಡಿಗ

ಪಂಕ್ತಿಯಲ್ಲಿ ಕೂತು ಊಟ ಮಾಡೋಕೆ ಬುಲೆಟ್ ರೈಲು ಬೇಕಾ ಸಾರ್? ನಾವು ಅದನ್ನು ಅವರಿಗಿಂತ ಮೊದಲಿನಿಂದ ಮಾಡ್ತಿದ್ದೇವೆ.

ಒಲೆ ಮುಂದೆ

ಇಷ್ಟು ಹೊತ್ತು ಓದುತ್ತಿದ್ದೆ. ಅಡುಗೆಯವರನ್ನು ಕೇಳಿ ಅಂತ ಒಬ್ಬರೂ ಹೇಳಲಿಲ್ಲವಲ್ಲ?

ನಮ್ಮಮ್ಮ ಹದಿಮೂರು ವರ್ಷದಿಂದ ಬಿಸಿಯೂಟ ಮಾಡುತ್ತಾರೆ. ನಿಮ್ಮ ಲೆಕ್ಕ ಅವರ ಬಾಯಲ್ಲಿ ಹೀಗಿದೆ. ಐದನೇ ಕ್ಲಾಸಿನವರೆಗೆ ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 34 ಮಕ್ಕಳಿಗೆ ಒಂದು ಕೆಜಿ ಏಳುನೂರು ಗ್ರಾಂ ತರಕಾರಿ. ಬೀನ್ಸ್ ಬೆರಳುದ್ದ ಹೆಚ್ಚಿ ಹಾಕಿದರೆ ಸಾಂಬಾರಲ್ಲಿ ಅದೊಂದು ಕಡ್ಡಿ ಥರ ತೇಲುತ್ತೆ. ಹಾಲುಹಲ್ಲು ಬಿದ್ದ ಮಗು ಅದನ್ನು ಯಾವುದರಲ್ಲಿ ಅಗಿಯಬೇಕು? ನಿಮ್ಮ ಮೂರನೇ ಕ್ಲಾಸಿನ ಹುಡುಗನ ಬಾಯಿ ನೋಡಿದ್ದೀರಾ ಟೀಚರ್?

ಅಮ್ಮ ಬೀನ್ಸನ್ನು ಕಡಲೆಬೇಳೆ ಗಾತ್ರಕ್ಕೆ ಹೆಚ್ಚುತ್ತಾರೆ, ಬೇಳೆ ಜೊತೆಗೇ ಬೇಯಿಸುತ್ತಾರೆ. ಕುಂಬಳ, ಕ್ಯಾರೆಟ್ ಬೆಂದ ಮೇಲೆ ಸೌಟಲ್ಲಿ ಮಸೆಯುತ್ತಾರೆ. ಸೊಪ್ಪಾದರೆ ಮಸ್ಸೊಪ್ಪು. ಹೆಚ್ಚೋಕೆ ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯುತ್ತೆ. ಆ ಇಪ್ಪತ್ತು ನಿಮಿಷಕ್ಕೆ ಯಾರೂ ಸಂಬಳ ಕೊಡಲ್ಲ, ಅದೂ ನಿಜ. ಹಾಗಾಗಿ "ಸಣ್ಣಗೆ ಹೆಚ್ಚಮ್ಮ" ಅಂತ ಆರ್ಡರ್ ಮಾಡಬೇಡಿ, ಚಾಕು ಹಿಡಿದು ಪಕ್ಕ ಕೂತುಕೊಳ್ಳಿ.

ಇನ್ನೊಂದು ಕೇಳಲಾ? ರುಚಿ ನೋಡಿ ಸಹಿ ಹಾಕೋದು ಬಿಡಿ. ಮಧ್ಯಾಹ್ನ ನೀವು ಎಲ್ಲಿ ಕೂತು ಏನು ಊಟ ಮಾಡುತ್ತೀರಿ?

ಸೀಮೆಸುಣ್ಣ

ಆಫೀಸ್ ರೂಮಲ್ಲಿ. ಮನೆಯಿಂದ ತಂದ ಡಬ್ಬಿ.

ಗೊತ್ತಾಯ್ತು. ಎರಡು ವಾರ ಬಿಟ್ಟು ಬರುತ್ತೇನೆ.

ಡಬ್ಬಿ ಅಪ್ಪ

ಈ ಚರ್ಚೆ ಮುಚ್ಚಬೇಡಿ ನಿರ್ವಾಹಕರೇ.

ಸೀಮೆಸುಣ್ಣ

ಬಂದೆ. ಎರಡಲ್ಲ, ಮೂರು ವಾರ ಆಯ್ತು.

ಸೂಜಿಮದ್ದು ಅವರು ಹೇಳಿದ್ದನ್ನು ಮೊದಲು ಮಾಡಿದೆ. ಒಂಬತ್ತರಲ್ಲಿ ಆರು ಮಕ್ಕಳು ತಿಂಡಿ ತಿಂದು ಬರುತ್ತಿರಲಿಲ್ಲ. ನಾವು ಹಾಲನ್ನು ಹತ್ತೂಮುಕ್ಕಾಲಿಗೆ ಕೊಡುತ್ತಿದ್ದೆವು, ಈಗ ಪ್ರಾರ್ಥನೆ ಮುಗಿದ ಕೂಡಲೇ. ರಾಗಿ ಮಾಲ್ಟ್ ದಿನ ಜೇಬಿನ ಪರಪರ ನಿಜಕ್ಕೂ ಕಮ್ಮಿ. ಬರೀ ಹಾಲಿನ ದಿನ ಅಷ್ಟೇನೂ ವ್ಯತ್ಯಾಸ ಇಲ್ಲ. ಅಂಗಡಿಯವರ ಜೊತೆ ಇನ್ನೂ ಮಾತಾಡಿಲ್ಲ, ಧೈರ್ಯ ಸಾಲಲಿಲ್ಲ.

ಸರಪಳಿ ಮುಟ್ಟಾಟ ಸೂಪರ್ ಹಿಟ್. ಹೊಂಗೆ ಮರದ ಕೆಳಗೆ ಈಗ ಇಬ್ಬರೇ. ಒಬ್ಬಳಿಗೆ ಉಬ್ಬಸ ಇದೆ ಅಂತ ಈಗ ಗೊತ್ತಾಯ್ತು, ಡಾಕ್ಟರ್ ಹತ್ತಿರ ಕಳಿಸಿದ್ದೇನೆ. ಇಷ್ಟು ದಿನ ಸೋಮಾರಿ ಅಂದುಕೊಂಡಿದ್ದೆ.

ಅಡುಗೆಯವರು ಮೊದಲ ದಿನ ನನ್ನ ಕೈಯಲ್ಲಿ ಚಾಕು ನೋಡಿ, "ಏನಾದ್ರೂ ಕಂಪ್ಲೇಂಟಾ ಮಿಸ್?" ಅಂದರು. ಈಗ ದಿನಕ್ಕಿಬ್ಬರು ಎಸ್‌ಡಿಎಂಸಿ ತಾಯಂದಿರೂ ಬಂದು ಕೂರುತ್ತಾರೆ, ನನಗಿಂತ ಅವರೇ ವಾಸಿ. ಆ ಹುಡುಗನ ಬಾಯಿ ನೋಡಿದೆ. ಎಡಗಡೆ ದವಡೆ ಹಲ್ಲು ಹುಳುಕು. ಬೀನ್ಸ್ ಸಣ್ಣ ಆದಮೇಲೆ ಹೆಕ್ಕೋದೇ ಅವನಿಗೆ ಕಷ್ಟ ಆಗಿದೆ. ಹೋದ ಬುಧವಾರ ತಟ್ಟೆ ಅಂಚಲ್ಲಿ ನಾಲ್ಕು ಇದ್ದವು.

ನಾನೂ ಈಗ ಮಕ್ಕಳ ಸಾಲಲ್ಲೇ ಕೂತು ಊಟ ಮಾಡುತ್ತಿದ್ದೇನೆ. ಅವತ್ತು ಅವನ ಎದುರಿಗೇ ಕೂತಿದ್ದೆ. ತುಂಬಾ ಹೊತ್ತು ನನ್ನ ತಟ್ಟೆಯನ್ನೇ ನೋಡಿದ. ಆಮೇಲೆ ಕೇಳಿದ:

"ಮಿಸ್, ನೀವ್ಯಾಕೆ ಕರಿಬೇವು ಎತ್ತಿಡ್ತೀರಾ?"

ಒಲೆ ಮುಂದೆ

😂😂 ಅಮ್ಮನಿಗೆ ಓದಿ ಹೇಳಿದೆ. ಎಷ್ಟು ಇತ್ತು ಕೇಳು ಅಂದರು.

ಸೀಮೆಸುಣ್ಣ

ಐದು. ಅವನೇ ಎಣಿಸಿದ್ದು.

ಕುಚ್ಚಲಕ್ಕಿ

ತಿಂದಿರಾ?

ಸೀಮೆಸುಣ್ಣ

ಮೂರು ತಿಂದೆ.